ಮೊದಲ ಡೀಸೆಲ್ ಲಾರಿ: ಬೆಳಿಗ್ಗೆ ಸ್ಟಾರ್ಟ್ ಆಗದಿದ್ದರೆ, ಸ್ಲೋದಲ್ಲಿ (ಐಡಲ್) ಒಂದೇ ಸಮನೆ ಓಡದಿದ್ದರೆ

ಬೆಳಿಗ್ಗೆ ಆರು ಗಂಟೆ. ಕೋರೆಯಲ್ಲಿ ಕಲ್ಲು ತುಂಬುವವರು ಕಾಯುತ್ತಿದ್ದಾರೆ. ಕೀ ತಿರುಗಿಸುತ್ತೀರಿ, ಲಾರಿ ಹಿಡಿಯುವುದಿಲ್ಲ. ಮತ್ತೆ ತಿರುಗಿಸುತ್ತೀರಿ. ಮತ್ತೆ. ಐದು ನಿಮಿಷದಲ್ಲಿ ಬ್ಯಾಟರಿಯೂ ಖಾಲಿ. ಮೊದಲು ಇದ್ದದ್ದು ಒಂದು ತೊಂದರೆ, ಈಗ ಎರಡಾಯಿತು.

ನಾನೂ ಇದನ್ನೇ ಮಾಡಿದ್ದೇನೆ. ನಮ್ಮ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆಯಿಂದ ಕೆಂಪುಕಲ್ಲು ಸಾಗಿಸಲು ಒಂದು ಹಳೆಯ ಟಾಟಾ 407 ಲಾರಿ ಕೊಂಡಿದ್ದೆ. ಮೊದಲ ಮಳೆಗಾಲದಲ್ಲೇ ಅದು ವಾರಕ್ಕೆ ಎರಡು ಸಲ ಕೈಕೊಟ್ಟಿತು. ಒಂದು ಗ್ಯಾರೇಜಿನಲ್ಲಿ ಸೆಲ್ಫ್ ಮೋಟಾರ್ (ಎಂಜಿನ್ ತಿರುಗಿಸಿ ಸ್ಟಾರ್ಟ್ ಮಾಡುವ ಮೋಟಾರ್) ಬದಲಿಸಿದರು. ನಾಲ್ಕನೇ ದಿನ ಮತ್ತೆ ಅದೇ ಪಾಡು. ಕೊನೆಗೆ ಸಿಕ್ಕಿದ್ದು ಎಂಜಿನ್‌ನಿಂದ ಚಾಸಿಗೆ (ಲಾರಿಯ ಚೌಕಟ್ಟಿಗೆ) ಬರುವ ಅರ್ತ್ ಕೇಬಲ್. ಕರೆಂಟ್ ಬ್ಯಾಟರಿಗೆ ವಾಪಸಾಗುವ ದಾರಿ ಅದು. ಹೊರಗಿನಿಂದ ಚೆನ್ನಾಗಿಯೇ ಇತ್ತು. ತುದಿಯ ಲೋಹದ ಲಗ್ ಬಿಚ್ಚಿದರೆ ಒಳಗೆಲ್ಲ ಹಸಿರು ಪುಡಿ. ಸೆಲ್ಫ್‌ಗೆ ಕೊಟ್ಟ ದುಡ್ಡು ಹೋದದ್ದೇ.

ಅಂದಿನಿಂದ ನಾನು ಒಂದು ಕ್ರಮ ಇಟ್ಟುಕೊಂಡಿದ್ದೇನೆ. ಎರಡು ಸಲ ಸೆಲ್ಫ್ ಹೊಡೆದು ಹಿಡಿಯದಿದ್ದರೆ ಕೀ ಬಿಟ್ಟು ಕೆಳಗೆ ಇಳಿಯುತ್ತೇನೆ. ಡೀಸೆಲ್ ಎಂಜಿನ್ ತನ್ನ ಕಷ್ಟವನ್ನು ತಾನೇ ಹೇಳುತ್ತದೆ. ಸೆಲ್ಫ್‌ನ ಶಬ್ದ ಕೇಳಬೇಕು, ಸೈಲೆನ್ಸರ್‌ನ ಹೊಗೆ ನೋಡಬೇಕು. ಅಷ್ಟು ಮಾಡಿದರೆ ಯಾವ ಕಡೆ ಹುಡುಕಬೇಕು ಅನ್ನುವುದು ಗೊತ್ತಾಗುತ್ತದೆ.

ಬಾನೆಟ್ ಎತ್ತುವ ಮೊದಲು ಗೇರ್ ನ್ಯೂಟ್ರಲ್‌ಗೆ ಹಾಕಿ, ಹ್ಯಾಂಡ್ ಬ್ರೇಕ್ ಎಳೆಯಿರಿ, ಚಕ್ರಕ್ಕೆ ಕಲ್ಲು ಕೊಡಿ. ನಮ್ಮ ಊರಿನಲ್ಲಿ ಸಮತಟ್ಟಾದ ಜಾಗ ಸಿಗುವುದೇ ಕಷ್ಟ. ಕೆಲಸ ಮುಗಿದ ಮೇಲೆ ಆ ಕಲ್ಲನ್ನು ರಸ್ತೆಯಿಂದ ತೆಗೆಯಲು ಮರೆಯಬೇಡಿ. ರಾತ್ರಿ ಬೈಕಿನಲ್ಲಿ ಬರುವವರಿಗೆ ಅದು ಕಾಣುವುದಿಲ್ಲ.

ಎಂಜಿನ್ ತಿರುಗುತ್ತಿದೆಯಾ?

ಡೀಸೆಲ್ ಎಂಜಿನ್‌ನಲ್ಲಿ ಸ್ಪಾರ್ಕ್ ಪ್ಲಗ್ ಇಲ್ಲ. ಪಿಸ್ಟನ್ ಗಾಳಿಯನ್ನು ಜೋರಾಗಿ ಒತ್ತುತ್ತದೆ. ಒತ್ತಿದ ಗಾಳಿ 500 ಡಿಗ್ರಿಗೂ ಮೀರಿ ಬಿಸಿಯಾಗುತ್ತದೆ. ಆ ಬಿಸಿಗೆ ಡೀಸೆಲ್ ಸಿಂಪಡಿಸಿದಾಗ ತಾನಾಗಿ ಉರಿಯುತ್ತದೆ. ಹಾಗಾಗಿ ಎಂಜಿನ್ ತಿರುಗಿದರಷ್ಟೇ ಸಾಲದು, ವೇಗವಾಗಿ ತಿರುಗಬೇಕು. ನಿಧಾನಕ್ಕೆ ತಿರುಗಿದರೆ ಗಾಳಿ ಬಿಸಿ ಏರುವ ಮೊದಲೇ ಆರಿಹೋಗುತ್ತದೆ. ಪೆಟ್ರೋಲ್ ಕಾರನ್ನು ಸ್ಟಾರ್ಟ್ ಮಾಡುವಷ್ಟು ಜೀವ ಇರುವ ಬ್ಯಾಟರಿ ಡೀಸೆಲ್ ಲಾರಿಗೆ ಸಾಲದೇ ಹೋಗುವುದು ಇದೇ ಕಾರಣಕ್ಕೆ.

ಕೀ ತಿರುಗಿಸಿದಾಗ ಟಕ್ ಟಕ್ ಟಕ್ ಎಂದು ಬೇಗ ಬೇಗ ಶಬ್ದ ಬಂದರೆ ಬ್ಯಾಟರಿ ಇಳಿದಿದೆ, ಇಲ್ಲವೇ ಟರ್ಮಿನಲ್ ಹಿಡಿಯುತ್ತಿಲ್ಲ. ಒಂದೇ ಒಂದು ಸಲ 'ಟಕ್' ಎಂದು ಸುಮ್ಮನಾದರೆ ಸೆಲ್ಫ್‌ನ ಸೊಲೆನಾಯ್ಡ್ (ಕರೆಂಟ್ ಕೊಟ್ಟಾಗ ಸರಿಯುವ ಸ್ವಿಚ್) ಅಥವಾ ದಪ್ಪ ಕೇಬಲ್ ನೋಡಿ. ಏನೂ ಶಬ್ದವೇ ಇಲ್ಲದಿದ್ದರೆ ಫ್ಯೂಸ್, ರಿಲೇ, ಕೀ ಸ್ವಿಚ್.

ಒಂದು ಮಲ್ಟಿಮೀಟರ್ ತೆಗೆದುಕೊಳ್ಳಿ, ದೊಡ್ಡ ಖರ್ಚಲ್ಲ. ರಾತ್ರಿಯಿಡೀ ನಿಂತ 12 ವೋಲ್ಟ್ ಬ್ಯಾಟರಿ ಬೆಳಿಗ್ಗೆ 12.6 ವೋಲ್ಟ್ ತೋರಿಸಿದರೆ ಅದು ತುಂಬಿದೆ. 12.2 ಅಂದರೆ ಸುಮಾರು ಅರ್ಧ. 12ಕ್ಕಿಂತ ಕೆಳಗೆ ಹೋಗಿದ್ದರೆ ಮೊದಲು ಚಾರ್ಜ್ ಮಾಡಿ, ಆಮೇಲೆ ಬೇರೆ ಮಾತು. ಈಗ ಒಬ್ಬರನ್ನು ಸೆಲ್ಫ್ ಹೊಡೆಯಲು ಹೇಳಿ, ನೀವು ಮೀಟರ್ ನೋಡಿ. ಹೊಡೆಯುವಾಗ 9.6ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿಗೆ ವಯಸ್ಸಾಗಿದೆ. ಎಂಜಿನ್ ಓಡುವಾಗ 13.8ರಿಂದ 14.4ರವರೆಗೆ ಇರಬೇಕು. ಇಲ್ಲದಿದ್ದರೆ ಆಲ್ಟರ್ನೇಟರ್ ಅಥವಾ ಅದರ ಬೆಲ್ಟ್ ಕಡೆ ನೋಡಿ. ದೊಡ್ಡ ಲಾರಿಗಳಲ್ಲಿ ಎರಡು ಬ್ಯಾಟರಿ ಸೇರಿ 24 ವೋಲ್ಟ್ ಇರುತ್ತದೆ. ಅಲ್ಲಿ ಈ ಲೆಕ್ಕಗಳನ್ನೆಲ್ಲ ಎರಡು ಪಟ್ಟು ಮಾಡಿಕೊಳ್ಳಿ.

ಬ್ಯಾಟರಿ ಚೆನ್ನಾಗಿದ್ದೂ ಎಂಜಿನ್ ಎಳೆದೆಳೆದು ತಿರುಗಿದರೆ ಅರ್ತ್ ಪರೀಕ್ಷೆ ಮಾಡಿ. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್ ಕಂಬಕ್ಕೆ, ಇನ್ನೊಂದು ಎಂಜಿನ್‌ನ ಬರಿ ಕಬ್ಬಿಣಕ್ಕೆ. ಸೆಲ್ಫ್ ಹೊಡೆಯುವಾಗ ಅರ್ಧ ವೋಲ್ಟ್‌ಗಿಂತ ಜಾಸ್ತಿ ತೋರಿಸಿದರೆ ಅರ್ತ್ ಕೆಟ್ಟಿದೆ. ಮೀಟರ್ ಇಲ್ಲವಾ? ಜಂಪ್ ಕೇಬಲ್‌ನ ಒಂದು ತುದಿಯನ್ನು ನೆಗೆಟಿವ್‌ಗೆ, ಇನ್ನೊಂದನ್ನು ಎಂಜಿನ್ ಬ್ಲಾಕ್‌ಗೆ ಕಚ್ಚಿಸಿ ಹೊಡೆದು ನೋಡಿ. ಎಂಜಿನ್ ಗಿರ್ರನೆ ತಿರುಗಿದರೆ ಉತ್ತರ ಸಿಕ್ಕಿತು. ಈ ಎರಡು ನಿಮಿಷದ ಪರೀಕ್ಷೆ ನನಗೆ ಮೊದಲೇ ಗೊತ್ತಿದ್ದರೆ ಒಂದು ಸೆಲ್ಫ್ ಮೋಟಾರ್ ಉಳಿಯುತ್ತಿತ್ತು.

ಉಪ್ಪಳ, ಕುಂಬಳೆ, ಮಂಜೇಶ್ವರದಂತಹ ಕಡಲ ಬದಿಯ ಊರುಗಳಲ್ಲಿ ಉಪ್ಪುಗಾಳಿ ಈ ಲಗ್‌ಗಳನ್ನು ಬೇಗ ತಿನ್ನುತ್ತದೆ. ಮಳೆ ಶುರುವಾಗುವ ಮೊದಲು ಮೇ ತಿಂಗಳಲ್ಲಿ ಎಲ್ಲ ದಪ್ಪ ಕೇಬಲ್ ಬಿಚ್ಚಿ, ಮರಳು ಕಾಗದದಲ್ಲಿ ಉಜ್ಜಿ, ಬಿಗಿ ಮಾಡಿ, ಮೇಲೆ ಪೆಟ್ರೋಲಿಯಂ ಜೆಲ್ಲಿ ಹಚ್ಚಿ. ಬ್ಯಾಟರಿಯ ಕೇಬಲ್ ತೆಗೆಯುವಾಗ ನೆಗೆಟಿವ್ ಮೊದಲು, ಹಾಕುವಾಗ ನೆಗೆಟಿವ್ ಕೊನೆಗೆ.

ಸೆಲ್ಫ್ ಒಂದು ಸಲಕ್ಕೆ 10 ಸೆಕೆಂಡು ಹೊಡೆದರೆ ಸಾಕು. ನಂತರ ಕನಿಷ್ಠ ಅರ್ಧ ನಿಮಿಷ ಬಿಡಿ. ಒಂದೇ ಸಮನೆ ಹೊಡೆದರೆ ಮೋಟಾರಿನ ಸುತ್ತು ಸುಡುತ್ತದೆ.

ತಳ್ಳಿ ಸ್ಟಾರ್ಟ್ ಮಾಡುವ ಬಗ್ಗೆಯೂ ಹೇಳಬೇಕು. ಹಳೆಯ ಮೆಕ್ಯಾನಿಕಲ್ ಪಂಪಿನ ಲಾರಿ ಇಳಿಜಾರಿನಲ್ಲಿ ಎರಡನೇ ಗೇರಿಗೆ ಹಿಡಿಯುತ್ತದೆ, ನಿಜ. ಆದರೆ ಎಂಜಿನ್ ಓಡದಿದ್ದರೆ ಬ್ರೇಕಿಗೆ ವ್ಯಾಕ್ಯೂಮ್ ಅಥವಾ ಗಾಳಿ ಸಿಗುವುದಿಲ್ಲ, ಪವರ್ ಸ್ಟೀರಿಂಗ್ ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ. ಪಾಣತ್ತೂರು ಕಡೆಯ ತಿರುವುಗಳಲ್ಲಿ ಲೋಡ್ ಇಟ್ಟುಕೊಂಡು ಇದನ್ನು ಮಾಡಲೇಬೇಡಿ. ಇನ್ನು ಕಾಮನ್ ರೈಲ್ ಗಾಡಿಯ (ಡೀಸೆಲ್ ಸಿಂಪಡಿಸುವುದನ್ನು ಕಂಪ್ಯೂಟರ್ ನಡೆಸುವ ಹೊಸ ಬಗೆಯ ಗಾಡಿಯ) ಬ್ಯಾಟರಿ ಪೂರ್ತಿ ಸತ್ತಿದ್ದರೆ ತಳ್ಳಿಯೂ ಪ್ರಯೋಜನವಿಲ್ಲ. ಅದರ ಇಸಿಯುಗೆ, ಅಂದರೆ ಆ ಕಂಪ್ಯೂಟರಿಗೆ, ಕರೆಂಟ್ ಇಲ್ಲದೆ ಡೀಸೆಲ್ ಬಿಡುವುದೇ ಇಲ್ಲ.

ತಿರುಗುತ್ತಿದೆ, ಆದರೆ ಹಿಡಿಯುತ್ತಿಲ್ಲ

ಈಗ ಒಬ್ಬರು ಸೆಲ್ಫ್ ಹೊಡೆಯಲಿ, ನೀವು ಸೈಲೆನ್ಸರ್ ಹತ್ತಿರ ನಿಲ್ಲಿ.

ಹೊಗೆಯೇ ಇಲ್ಲದಿದ್ದರೆ ಎಂಜಿನ್‌ಗೆ ಡೀಸೆಲ್ ಹೋಗುತ್ತಿಲ್ಲ. ಬಿಳಿ ಹೊಗೆ, ಮೂಗಿಗೆ ಚುಚ್ಚುವ ಡೀಸೆಲ್ ವಾಸನೆ ಬಂದರೆ ಡೀಸೆಲ್ ಹೋಗುತ್ತಿದೆ, ಉರಿಯುತ್ತಿಲ್ಲ. ಒಂದೇ ಒಂದು ಹೊಗೆಯ ವ್ಯತ್ಯಾಸ ನಿಮ್ಮ ಹುಡುಕಾಟವನ್ನು ಅರ್ಧಕ್ಕೆ ಇಳಿಸುತ್ತದೆ.

ಹೊಗೆ ಇಲ್ಲದಿದ್ದಾಗ ಸುಲಭದ್ದನ್ನು ಮೊದಲು ನೋಡಿ. ಟ್ಯಾಂಕಿನಲ್ಲಿ ಡೀಸೆಲ್ ಇದೆಯಾ? ಗೇಜ್ ನಂಬಬೇಡಿ, ಕಡ್ಡಿ ಇಳಿಸಿ ನೋಡಿ. ಹಳೆಯ ಗಾಡಿಯಲ್ಲಿ ಎಂಜಿನ್ ನಿಲ್ಲಿಸಲು ಎಳೆಯುವ ಸ್ಟಾಪ್ ಕೇಬಲ್ ಪೂರ್ತಿ ಒಳಗೆ ಹೋಗಿದೆಯಾ? ಹೊಸ ಮಾಲೀಕರು ಎಷ್ಟೋ ಮಂದಿ ಇಲ್ಲೇ ಸಿಕ್ಕಿಬೀಳುತ್ತಾರೆ. ಕೇಬಲ್ ತುಕ್ಕು ಹಿಡಿದು ಅರ್ಧಕ್ಕೇ ನಿಂತಿರುತ್ತದೆ. ಪಂಪಿನ ಹತ್ತಿರ ಹೋಗಿ ಸ್ಟಾಪ್ ಲಿವರನ್ನು ಕೈಯಿಂದಲೇ ತಳ್ಳಿ ನೋಡಿ. ಕೀಯಿಂದಲೇ ಆಫ್ ಆಗುವ ಗಾಡಿಯಲ್ಲಿ ಸ್ಟಾಪ್ ಸೊಲೆನಾಯ್ಡ್ ಇರುತ್ತದೆ. ಕೀ ಆನ್ ಮಾಡಿದಾಗ ಪಂಪಿನ ಕಡೆಯಿಂದ 'ಟಕ್' ಕೇಳಬೇಕು. ಕೇಳದಿದ್ದರೆ ಅದರ ವೈರ್, ಫ್ಯೂಸ್ ನೋಡಿ.

ಬಿಳಿ ಹೊಗೆ ಬಂದರೆ ಹೆಚ್ಚಿನವರು ಮೊದಲು ಹೇಳುವುದು 'ಚಳಿಗೆ ಹೀಗೆ' ಎಂದು. ನನಗೆ ಅದು ಒಪ್ಪಿಗೆಯಿಲ್ಲ. ಕಾಸರಗೋಡಿನ ಕಡಲ ಬದಿಯಲ್ಲಿ ಡಿಸೆಂಬರ್ ಬೆಳಿಗ್ಗೆಯೂ ಡೀಸೆಲ್ ಎಂಜಿನ್ ಹೆದರುವಂಥ ಚಳಿ ಇರುವುದಿಲ್ಲ. ಇಲ್ಲಿ ಬೆಳಿಗ್ಗೆ ಹಿಡಿಯದ ಲಾರಿಗೆ ಏನೋ ಒಂದು ಕಾಯಿಲೆ ಇದ್ದೇ ಇರುತ್ತದೆ: ನಿಧಾನಕ್ಕೆ ತಿರುಗುವ ಸೆಲ್ಫ್, ಹನಿ ಹಾಕುವ ನೋಝಲ್ (ಸಿಲಿಂಡರಿಗೆ ಡೀಸೆಲ್ ಸಿಂಪಡಿಸುವ ಮೂತಿ), ಪಂಪಿನ ಟೈಮಿಂಗ್, ಟ್ಯಾಪೆಟ್ ಗ್ಯಾಪ್ (ವಾಲ್ವಿನ ಸಂದು), ಕೊನೆಗೆ ಪಿಸ್ಟನ್ನಿನ ಸವೆದ ರಿಂಗ್. ಹಳೆಯ ಟಾಟಾ ಏಸ್‌ನಂಥ ಸಣ್ಣ ಎಂಜಿನ್‌ನ ವಿಷಯ ಬೇರೆ. ಅದರಲ್ಲಿ ಡೀಸೆಲ್ ಮೊದಲು ಒಂದು ಪುಟ್ಟ ಕೋಣೆಯಲ್ಲಿ ಉರಿಯುತ್ತದೆ. ಆ ಕೋಣೆಯ ಗೋಡೆ ಬಿಸಿಯನ್ನು ಹೀರಿಬಿಡುತ್ತದೆ. ಹಾಗಾಗಿ ನಮ್ಮ ಸೆಕೆಯಲ್ಲೂ ಅದಕ್ಕೆ ಹೀಟರ್ ಪ್ಲಗ್ ಬೇಕು. ಡ್ಯಾಶ್‌ಬೋರ್ಡಿನ ಸುರುಳಿ ದೀಪ ಆರುವ ತನಕ ಕಾದು ಆಮೇಲೆ ಸೆಲ್ಫ್ ಹೊಡೆಯಿರಿ. ಪ್ಲಗ್‌ನ ವೈರ್ ತೆಗೆದು ಮೀಟರಿನಲ್ಲಿ ಅಳೆದರೆ ಒಂದೆರಡು ಓಮ್ ಒಳಗೆ ತೋರಿಸಬೇಕು. ಏನೂ ತೋರಿಸದಿದ್ದರೆ ಪ್ಲಗ್ ಸುಟ್ಟಿದೆ.

ಏರ್ ಫಿಲ್ಟರ್ ಬಾಯಿಗೆ ಪೆಟ್ರೋಲ್ ಬಟ್ಟೆ ಹಿಡಿಯುವುದು, ಸ್ಪ್ರೇ ಹೊಡೆಯುವುದು ಬೇಡ. ಹೀಟರ್ ಇರುವ ಎಂಜಿನ್‌ನಲ್ಲಿ ಅದು ಒಳಗೇ ಸಿಡಿಯಬಹುದು. ಪಿಸ್ಟನ್ ಒಡೆದದ್ದು ಉಂಟು, ಕೈ ಸುಟ್ಟದ್ದೂ ಉಂಟು.

ಏರ್ ಹಿಡಿದಿದೆ ಅಂದರೆ ಏನು

ನಮ್ಮ ಕಡೆ ಅತಿ ಹೆಚ್ಚು ಕೇಳುವ ಮಾತು ಇದು. ಮೆಕ್ಯಾನಿಕ್ ಮಲಯಾಳದಲ್ಲಿ ಮಾತಾಡಲಿ, ತುಳುವಿನಲ್ಲಿ ಮಾತಾಡಲಿ, 'ಏರ್' ಅನ್ನುವ ಪದ ಒಂದೇ.

ಇದರ ಗುರುತು ಹೀಗೆ. ಲಾರಿ ಸ್ಟಾರ್ಟ್ ಆಗುತ್ತದೆ, ಹತ್ತಿಪ್ಪತ್ತು ಸೆಕೆಂಡು ಓಡುತ್ತದೆ, ಉಸಿರು ಕಟ್ಟಿದ ಹಾಗೆ ನಿಲ್ಲುತ್ತದೆ. ಪೈಪಿನಲ್ಲಿ ಉಳಿದಿದ್ದ ಡೀಸೆಲ್ ಮುಗಿದು, ಹಿಂದಿನಿಂದ ಗಾಳಿ ಬಂತು ಅಂತ ಅರ್ಥ. ಇಲ್ಲದಿದ್ದರೆ ಹಗಲೆಲ್ಲ ಚೆನ್ನಾಗಿ ಓಡಿ, ರಾತ್ರಿ ನಿಂತು, ಬೆಳಿಗ್ಗೆ ಮಾತ್ರ ತುಂಬ ಹೊತ್ತು ಹೊಡೆಯಬೇಕಾಗುತ್ತದೆ.

ಟ್ಯಾಂಕಿನಿಂದ ಫೀಡ್ ಪಂಪಿನ (ಡೀಸೆಲ್ ಎಳೆದು ಮುಂದೆ ಕಳಿಸುವ ಸಣ್ಣ ಪಂಪಿನ) ತನಕ ಡೀಸೆಲನ್ನು ಎಳೆದುಕೊಳ್ಳುವುದು, ತಳ್ಳುವುದಲ್ಲ. ಆ ದಾರಿಯಲ್ಲಿ ಸಣ್ಣ ಬಿರುಕು ಇದ್ದರೆ ಡೀಸೆಲ್ ಹೊರಗೆ ಬರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. 'ಎಲ್ಲೂ ಲೀಕ್ ಇಲ್ಲ, ಎಲ್ಲ ಒಣಗಿದೆ' ಎಂದು ನಾವು ಮೋಸಹೋಗುವುದು ಇಲ್ಲೇ.

ನಮ್ಮ ಊರಿನ ಏರುತಗ್ಗು ಇದಕ್ಕೆ ಒಂದು ಒಳ್ಳೆಯ ಪರೀಕ್ಷೆ ಕೊಟ್ಟಿದೆ. ಒಂದು ರಾತ್ರಿ ಲಾರಿಯ ಮೂತಿ ಮೇಲಕ್ಕೆ ಮಾಡಿ ನಿಲ್ಲಿಸಿ. ಮರುದಿನ ರಾತ್ರಿ ಮೂತಿ ಇಳಿಜಾರಿಗೆ ಮಾಡಿ ನಿಲ್ಲಿಸಿ. ಎರಡು ದಿನವೂ ಚಕ್ರಕ್ಕೆ ಕಲ್ಲು ಕೊಟ್ಟೇ. ಮೂತಿ ಮೇಲಿದ್ದ ಬೆಳಿಗ್ಗೆ ಕಷ್ಟ, ಕೆಳಗಿದ್ದ ಬೆಳಿಗ್ಗೆ ಸಲೀಸು ಅಂತಾದರೆ, ರಾತ್ರಿ ಡೀಸೆಲ್ ಟ್ಯಾಂಕಿಗೆ ವಾಪಸು ಇಳಿಯುತ್ತಿದೆ. ಎಲ್ಲೋ ಗಾಳಿ ಒಳಗೆ ನುಗ್ಗುತ್ತಿದೆ ಅಥವಾ ಫೀಡ್ ಪಂಪಿನ ವಾಲ್ವ್ ಹಿಡಿದು ನಿಲ್ಲಿಸುತ್ತಿಲ್ಲ.

ಹುಡುಕುವ ಜಾಗಗಳು ಕೆಲವೇ. ರಬ್ಬರ್ ಹೋಸ್‌ನ ಕ್ಲಿಪ್ಪಿನ ಅಡಿ, ಫಿಲ್ಟರ್‌ನ ಓ-ರಿಂಗ್, ಪೈಪ್ ಕೂರಿಸುವ ಟೊಳ್ಳು ಬ್ಯಾಂಜೋ ಬೋಲ್ಟ್‌ನ ತಾಮ್ರದ ವಾಷರ್, ಸೆಡಿಮೆಂಟರ್‌ನ (ಡೀಸೆಲಿನ ನೀರು ತಂಗುವ ಬಟ್ಟಲಿನ) ಕೆಳಗಿನ ಸ್ಕ್ರೂ, ಟ್ಯಾಂಕಿನೊಳಗೆ ಇಳಿದ ಪೈಪ್. ಡೀಸೆಲನ್ನು ಕೈಯಿಂದ ತಳ್ಳುವ ಹ್ಯಾಂಡ್ ಪಂಪಿನ ಗುಂಡಿಯನ್ನು ಹೊಡೆದಾದ ಮೇಲೆ ತಿರುಗಿಸಿ ಬಿಗಿ ಮಾಡಿದ್ದೀರಾ? ಸಡಿಲ ಬಿಟ್ಟರೆ ಅದರಿಂದಲೂ ಗಾಳಿ ಹೋಗುತ್ತದೆ. ಸಿಗದಿದ್ದರೆ ಪಂಪಿಗೆ ಬರುವ ಪೈಪ್ ಕಳಚಿ, ಅದರ ಬದಲು ಒಂದು ಪಾರದರ್ಶಕ ಡೀಸೆಲ್ ಪೈಪ್ ಹಾಕಿ, ಶುದ್ಧ ಡೀಸೆಲ್ ತುಂಬಿದ ಕ್ಯಾನಿಗೆ ಇಳಿಸಿ ಓಡಿಸಿ. ಗುಳ್ಳೆ ಇಲ್ಲದೆ ಚೆನ್ನಾಗಿ ಓಡಿದರೆ ತೊಂದರೆ ಇರುವುದು ಟ್ಯಾಂಕಿನಿಂದ ಪಂಪಿನ ತನಕದ ದಾರಿಯಲ್ಲಿ.

ಮೆಕ್ಯಾನಿಕಲ್ ಪಂಪಿನ ಗಾಡಿಯಲ್ಲಿ ಏರ್ ತೆಗೆಯುವುದು ನೀವೇ ಮಾಡಬಹುದಾದ ಕೆಲಸ. ಮೊದಲು ಫಿಲ್ಟರ್ ತಲೆಯ ಮೇಲಿನ ಬ್ಲೀಡ್ ಸ್ಕ್ರೂವನ್ನು (ಗಾಳಿ ಬಿಡುವ ಸ್ಕ್ರೂ) ಎರಡು ಸುತ್ತು ಸಡಿಲ ಮಾಡಿ. ಹ್ಯಾಂಡ್ ಪಂಪ್ ಹೊಡೆಯುತ್ತಾ ಹೋಗಿ. ಮೊದಲು ನೊರೆ ಬರುತ್ತದೆ, ಆಮೇಲೆ ಗುಳ್ಳೆ, ಕೊನೆಗೆ ಬರಿ ಡೀಸೆಲ್. ಡೀಸೆಲ್ ಬರುತ್ತಿರುವಾಗಲೇ ಸ್ಕ್ರೂ ಬಿಗಿ ಮಾಡಿ. ನಂತರ ಇಂಜೆಕ್ಷನ್ ಪಂಪಿನ ಬ್ಲೀಡ್ ಸ್ಕ್ರೂ, ಅದೇ ರೀತಿ. ಇನ್ನೂ ಹಿಡಿಯದಿದ್ದರೆ ನೋಝಲ್ ಕಡೆಯ ಪೈಪ್ ನಟ್‌ಗಳನ್ನು ಒಂದು ಸುತ್ತು ಸಡಿಲಿಸಿ, ಸೆಲ್ಫ್ ಹೊಡೆಸಿ. ಡೀಸೆಲ್ ಚಿಮ್ಮಿದ ಕೂಡಲೇ ಕೀ ಬಿಡಿಸಿ ಬಿಗಿ ಮಾಡಿ. ಕನ್ನಡಕ ಹಾಕಿಕೊಳ್ಳಿ, ಮುಖ ದೂರ ಇಡಿ.

ಕಾಮನ್ ರೈಲ್ ಎಂಜಿನ್‌ನಲ್ಲಿ ಈ ಕೊನೆಯ ಕೆಲಸವನ್ನು ಯಾವ ಕಾರಣಕ್ಕೂ ಮಾಡಬೇಡಿ. ಅಲ್ಲಿನ ಒತ್ತಡ 1000 ಬಾರ್ ಮೀರುತ್ತದೆ. ಕೂದಲೆಳೆಯಂಥ ಡೀಸೆಲ್ ಧಾರೆ ಚರ್ಮ ತೂರಿ ಒಳಗೆ ಹೋಗುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟೇ ಗಾಯ, ಒಳಗೆ ಬೆರಳೇ ಕೊಳೆಯಬಹುದು. ಹಾಗೇನಾದರೂ ಆದರೆ ನೋವಿಲ್ಲ ಎಂದು ಸುಮ್ನೆ ಕೂರದೆ ಆಗಲೇ ಆಸ್ಪತ್ರೆಗೆ ಹೋಗಿ, 'ಒತ್ತಡದ ಡೀಸೆಲ್ ಒಳಗೆ ಹೋಗಿದೆ' ಎಂದು ಬಾಯಿಬಿಟ್ಟು ಹೇಳಿ. ಕಾಮನ್ ರೈಲ್‌ನಲ್ಲಿ ಫಿಲ್ಟರ್‌ನ ಹ್ಯಾಂಡ್ ಪ್ರೈಮರ್ ತನಕ ಮಾತ್ರ ನಮ್ಮ ಕೈ. ಆ ಮೇಲೆ ಸ್ಕ್ಯಾನರ್ ಹಾಕಿ ರೈಲ್ ಒತ್ತಡ, ಕ್ರ್ಯಾಂಕ್ ಸೆನ್ಸರ್, ನೋಝಲ್‌ಗಳ ವಾಪಸು ಲೀಕ್ ನೋಡುವವರ ಹತ್ತಿರ ಹೋಗಿ.

ತಲಪಾಡಿಯ ಡೀಸೆಲ್ ಮತ್ತು ಮಳೆಯ ನೀರು

ನಮ್ಮ ಕೇರಳಕ್ಕಿಂತ ಕರ್ನಾಟಕದ ಕಡೆ ಡೀಸೆಲ್ ಅಗ್ಗ. ಹಾಗಾಗಿ ಗಡಿಯ ತಲಪಾಡಿ ದಾಟಿ ತುಂಬಿಸೋಣ ಎಂದು ಟ್ಯಾಂಕ್ ತಳ ಕಾಣುವ ತನಕ ಓಡಿಸುವ ಅಭ್ಯಾಸ ನಮ್ಮಲ್ಲಿ ಜಾಸ್ತಿ. ಕ್ಯಾನಿನಲ್ಲಿ ತಂದು ಮನೆಯಲ್ಲಿ ಇಟ್ಟು ಸುರಿಯುವವರೂ ಇದ್ದಾರೆ. ಉಳಿತಾಯ ಬೇಡ ಅನ್ನುವುದಿಲ್ಲ. ಆದರೆ ಟ್ಯಾಂಕಿನ ತಳದಲ್ಲಿ ಇರುವುದು ನೀರು, ತುಕ್ಕು, ಕೆಸರು. ಡೀಸೆಲ್ ತಳಕ್ಕೆ ಇಳಿದಾಗ ಪೈಪ್ ಅದನ್ನೇ ಎಳೆಯುತ್ತದೆ. ವರ್ಷಕ್ಕೆ 3000 ಮಿಲಿಮೀಟರ್ ಮೀರಿ ಮಳೆ ಬೀಳುವ ಜಿಲ್ಲೆ ನಮ್ಮದು. ಅರ್ಧ ಖಾಲಿ ಟ್ಯಾಂಕಿನ ಒಳಗೋಡೆಯಲ್ಲಿ ರಾತ್ರಿ ಹನಿ ಕಟ್ಟಿ ಕೆಳಗೆ ಸೇರುತ್ತದೆ. ಮುಚ್ಚಳದ ರಬ್ಬರ್ ಹೋಗಿದ್ದರೆ ಮಳೆ ನೀರೇ ನೇರ ಇಳಿಯುತ್ತದೆ.

ಮಳೆಗಾಲದಲ್ಲಿ ಟ್ಯಾಂಕನ್ನು ಕಾಲು ಭಾಗಕ್ಕಿಂತ ಕೆಳಗೆ ಇಳಿಸಬೇಡಿ. ಸಂಜೆ ತುಂಬಿಸಿ ನಿಲ್ಲಿಸಿದರೆ ಇನ್ನೂ ಒಳ್ಳೆಯದು. ವಾರಕ್ಕೊಮ್ಮೆ ಬೆಳಿಗ್ಗೆ, ಸ್ಟಾರ್ಟ್ ಮಾಡುವ ಮೊದಲು, ಸೆಡಿಮೆಂಟರ್‌ನ ಕೆಳಗಿನ ಸ್ಕ್ರೂ ಬಿಚ್ಚಿ ಒಂದು ಗಾಜಿನ ಬಾಟಲಿಗೆ ಹಿಡಿಯಿರಿ. ನೀರು ಕೆಳಗೆ, ಡೀಸೆಲ್ ಮೇಲೆ ನಿಲ್ಲುತ್ತದೆ. ಕಪ್ಪು ಲೋಳೆ ಬಂದರೆ ನೀರಿನ ಜೊತೆ ಪಾಚಿಯ ಹಾಗೆ ಸೂಕ್ಷ್ಮಜೀವಿ ಬೆಳೆದಿದೆ. ಫಿಲ್ಟರ್ ಒಂದನ್ನು ಬದಲಿಸಿ ಪ್ರಯೋಜನವಿಲ್ಲ, ಟ್ಯಾಂಕ್ ಇಳಿಸಿ ತೊಳೆಯಬೇಕು. ಡೀಸೆಲಿನಲ್ಲಿ ನೀರಿದೆ ಎಂದು ತೋರಿಸುವ ದೀಪ ಉರಿಯುತ್ತಿರುವಾಗ ಕಾಮನ್ ರೈಲ್ ಗಾಡಿ ಓಡಿಸಿದರೆ ಪಂಪ್, ನೋಝಲ್ ಎರಡೂ ಹೋಗುತ್ತವೆ.

ಇದಕ್ಕೆ ಸಂಬಂಧಪಟ್ಟ ಇನ್ನೊಂದು ಎಚ್ಚರಿಕೆ. ಮಧೂರಿನಲ್ಲಿ ಮಧುವಾಹಿನಿ ಹೊಳೆ ಉಕ್ಕಿದಾಗ ದೇವಸ್ಥಾನದ ಅಂಗಳಕ್ಕೇ ನೀರು ಬರುತ್ತದೆ. ಅಂಥ ನೀರಿನಲ್ಲಿ ಲಾರಿ ನಿಂತುಹೋದರೆ ಮತ್ತೆ ಸೆಲ್ಫ್ ಹೊಡೆಯಬೇಡಿ. ಏರ್ ಫಿಲ್ಟರ್ ಮೂಲಕ ಸಿಲಿಂಡರಿಗೆ ನೀರು ಹೋಗಿದ್ದರೆ ಪಿಸ್ಟನ್ ನೀರನ್ನು ಒತ್ತಲಾರದು, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಹಗ್ಗ ಕಟ್ಟಿ ಎಳೆಸಿ, ನೋಝಲ್ ಅಥವಾ ಹೀಟರ್ ಪ್ಲಗ್ ತೆಗೆದು ನೀರು ಹೊರಹಾಕಿದ ಮೇಲೆಯೇ ಮುಂದಿನ ಕೆಲಸ.

ಸ್ಲೋದಲ್ಲಿ ನಿಲ್ಲದಿದ್ದರೆ

ಸ್ಟಾರ್ಟ್ ಆದ ಮೇಲೆ, ಆಕ್ಸಿಲರೇಟರ್ ಒತ್ತದಿದ್ದಾಗಲೂ ಎಂಜಿನ್ ಒಂದೇ ಲಯದಲ್ಲಿ ಓಡುತ್ತಿರಬೇಕು. ಇದನ್ನೇ ನಾವು ಸ್ಲೋ ಅನ್ನುವುದು. ಎಷ್ಟು ಆರ್‌ಪಿಎಂ ಅನ್ನುವುದು ಗಾಡಿಯ ಪುಸ್ತಕದಲ್ಲಿ ಇರುತ್ತದೆ. ಏರಿ ಇಳಿದು, ಏರಿ ಇಳಿದು 'ಹಂಟಿಂಗ್' ಆದರೆ ಮತ್ತೆ ಗಾಳಿ, ಫಿಲ್ಟರ್ ಬ್ಲಾಕ್, ಆಮೇಲೆ ಪಂಪಿನ ಗವರ್ನರ್ (ಎಂಜಿನ್ ವೇಗ ಹಿಡಿತದಲ್ಲಿಡುವ ಭಾಗ), ಈ ಕ್ರಮದಲ್ಲಿ ನೋಡಿ. ಗವರ್ನರನ್ನು ಮೊದಲೇ ಬಿಚ್ಚಿಸಬೇಡಿ, ಅದು ದುಬಾರಿ ಕೆಲಸ.

ಲಾರಿ ಮೈ ನಡುಗಿಸುತ್ತಾ ಕುಂಟಿದರೆ ಒಂದು ಸಿಲಿಂಡರ್ ಕೆಲಸ ಮಾಡುತ್ತಿಲ್ಲ. ಮೆಕ್ಯಾನಿಕಲ್ ಪಂಪಿನ ಗಾಡಿಯಲ್ಲಿ ನೋಝಲ್ ನಟ್‌ಗಳನ್ನು ಒಂದೊಂದಾಗಿ, ಬಟ್ಟೆ ಮುಚ್ಚಿ, ಸ್ವಲ್ಪ ಸಡಿಲಿಸಿ ನೋಡಿ. ಸಡಿಲಿಸಿದಾಗ ಎಂಜಿನ್ ಇನ್ನಷ್ಟು ಕುಂಟಿದರೆ ಆ ಸಿಲಿಂಡರ್ ಸರಿಯಿದೆ. ಯಾವುದನ್ನು ಸಡಿಲಿಸಿದಾಗ ವ್ಯತ್ಯಾಸವೇ ಕಾಣುವುದಿಲ್ಲವೋ ಅದೇ ಕಳ್ಳ. ಅದರ ನೋಝಲನ್ನು ಪಕ್ಕದ್ದರ ಜೊತೆ ಅದಲುಬದಲು ಮಾಡಿಸಿ. ಕುಂಟು ನೋಝಲ್ ಜೊತೆ ಹೋದರೆ ನೋಝಲ್ ತಪ್ಪು. ಅಲ್ಲೇ ಉಳಿದರೆ ಆ ಸಿಲಿಂಡರಿನ ಕಂಪ್ರೆಷನ್ (ಗಾಳಿ ಒತ್ತುವ ಬಲ) ಅಳೆಸಬೇಕು.

ಕಪ್ಪು ಹೊಗೆಯ ಜೊತೆ ಸ್ಲೋ ಕೆಟ್ಟರೆ ಏರ್ ಫಿಲ್ಟರ್ ತೆಗೆದು ನೋಡಿ. ಕೆಂಪುಕಲ್ಲಿನ ಧೂಳಿನಲ್ಲಿ ಓಡುವ ಲಾರಿಗೆ ಪುಸ್ತಕದ ಕಿಲೋಮೀಟರ್ ಲೆಕ್ಕ ನಡೆಯುವುದಿಲ್ಲ, ಅರ್ಧಕ್ಕೇ ಬದಲಿಸಿ. ಫಿಲ್ಟರ್ ಸರಿಯಿದ್ದರೆ ಇಜಿಆರ್ ವಾಲ್ವ್ (ಸ್ವಲ್ಪ ಹೊಗೆಯನ್ನು ಮತ್ತೆ ಎಂಜಿನ್ನಿಗೆ ಕಳಿಸುವ ವಾಲ್ವ್) ಮಸಿ ಕಟ್ಟಿರಬಹುದು. ನೀಲಿ ಹೊಗೆ ಅಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ಎಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದೆ, ರೇಡಿಯೇಟರ್ ನೀರೂ ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿರುವ ಸಾಧ್ಯತೆ ಇದೆ. ಅಂಥ ಗಾಡಿಗೆ ಲೋಡ್ ಹಾಕಬೇಡಿ.

ಸ್ಲೋ ನಿಲ್ಲುವುದಿಲ್ಲ ಎಂದು ಐಡಲ್ ಸ್ಕ್ರೂ ಏರಿಸಿಕೊಡುವವರು ಇದ್ದಾರೆ. ಕಾಯಿಲೆ ಒಳಗೇ ಉಳಿಯುತ್ತದೆ, ಡೀಸೆಲ್ ಖರ್ಚು ಏರುತ್ತದೆ. ಕಾರಣ ಗೊತ್ತಾಗುವ ತನಕ ಆ ಸ್ಕ್ರೂ ಮುಟ್ಟಿಸಬೇಡಿ. ಸೀಲ್ ಹಾಕಿದ ಸ್ಕ್ರೂವನ್ನಂತೂ ಎಂದಿಗೂ ಬೇಡ.

ದೇಶದಲ್ಲಿ 2020ರ ಏಪ್ರಿಲ್ 1ರಿಂದ ಮಾರುವ ಹೊಸ ಗಾಡಿಗಳೆಲ್ಲ ಬಿಎಸ್-6, ಅಂದರೆ ಹೊಗೆ ಕಡಿಮೆ ಮಾಡುವ ನಿಯಮದವು. ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಇರುವ ಗಾಡಿಯಲ್ಲಿ ಕೆಲವೊಮ್ಮೆ ಸ್ಲೋ ತಾನಾಗಿ ಸ್ವಲ್ಪ ಏರುತ್ತದೆ, ಸೈಲೆನ್ಸರ್ ಹತ್ತಿರ ಬಿಸಿ ವಾಸನೆ ಬರುತ್ತದೆ. ಅದು ಮಸಿ ಸುಡುತ್ತಿರುವ ಹೊತ್ತು, ರೋಗವಲ್ಲ. ನಡುವೆ ಆಫ್ ಮಾಡಬೇಡಿ, ಒಣಹುಲ್ಲಿನ ಮೇಲೆ ನಿಲ್ಲಿಸಬೇಡಿ. ಲೋಡಿಂಗ್ ಸಾಲಿನಲ್ಲಿ ಗಂಟೆಗಟ್ಟಲೆ ಸ್ಲೋದಲ್ಲಿ ಬಿಟ್ಟರೆ ಅದೇ ಡಿಪಿಎಫ್ ಬೇಗ ಕಟ್ಟುತ್ತದೆ. ಡಿಇಎಫ್ (ಹೊಗೆ ಶುದ್ಧ ಮಾಡಲು ಬೇರೆ ಟ್ಯಾಂಕಿಗೆ ಹಾಕುವ ಯೂರಿಯಾ ದ್ರವ) ತುಂಬಿಸುವ ಗಾಡಿಯಾದರೆ ಅದನ್ನು ತಪ್ಪಿಯೂ ಡೀಸೆಲ್ ಟ್ಯಾಂಕಿಗೆ ಸುರಿಯಬೇಡಿ. ಸುರಿದುಹೋದರೆ ಕೀ ಕೂಡ ಆನ್ ಮಾಡದೆ ಟ್ಯಾಂಕ್ ಖಾಲಿ ಮಾಡಿಸಿ.

ಅಪರೂಪಕ್ಕೆ ಎಂಜಿನ್ ತಾನಾಗಿ ರೇಸ್ ಏರುತ್ತಾ ಹೋಗುತ್ತದೆ, ಕೀ ಆಫ್ ಮಾಡಿದರೂ ನಿಲ್ಲುವುದಿಲ್ಲ. ಹೆಚ್ಚಾಗಿ, ಗಾಳಿ ತುಂಬುವ ಟರ್ಬೋದ ಸೀಲ್ ಒಡೆದು ಎಂಜಿನ್ ತನ್ನ ಆಯಿಲನ್ನೇ ಉರಿಸುತ್ತಿರುವ ಲಕ್ಷಣ ಅದು. ಸೀಟಿನಲ್ಲೇ ಕೂತು ಬ್ರೇಕ್ ಗಟ್ಟಿಯಾಗಿ ಒತ್ತಿ, ಅತಿ ಮೇಲಿನ ಗೇರಿಗೆ ಹಾಕಿ, ಕ್ಲಚ್ ಬಿಟ್ಟು ಎಂಜಿನ್ ನಿಲ್ಲಿಸಿ. ಎದುರು ಜನ ಇಲ್ಲದಂತೆ ನೋಡಿಕೊಳ್ಳಿ. ಎಂಜಿನ್ ಗಾಳಿ ಎಳೆಯುವ ಬಾಯಿಗೆ ಕೈ ಅಡ್ಡ ಹಿಡಿಯಲು ಹೋಗಬೇಡಿ.

ಮೆಕ್ಯಾನಿಕ್‌ಗೆ ಫೋನ್ ಮಾಡುವಾಗ 'ಸ್ಟಾರ್ಟ್ ಆಗುತ್ತಿಲ್ಲ' ಎಂದು ಮಾತ್ರ ಹೇಳಬೇಡಿ. ಸೆಲ್ಫ್ ಹೇಗೆ ತಿರುಗಿತು, ಹೊಗೆ ಯಾವ ಬಣ್ಣ, ಎಷ್ಟು ಹೊತ್ತು ಓಡಿ ನಿಂತಿತು, ಬ್ಯಾಟರಿ ಎಷ್ಟು ವೋಲ್ಟ್, ಕೊನೆಗೆ ಡೀಸೆಲ್ ಎಲ್ಲಿ ತುಂಬಿಸಿದಿರಿ, ಇಷ್ಟು ಹೇಳಿ. ಅವರು ಬೇಕಾದ ಸಾಮಾನು ಹಿಡಿದುಕೊಂಡೇ ಬರುತ್ತಾರೆ. ಕ್ಯಾಬಿನ್‌ನಲ್ಲಿ ಒಂದು ಮೀಟರ್, ಸ್ಪ್ಯಾನರ್ ಸೆಟ್, ತಾಮ್ರದ ವಾಷರ್‌ಗಳು, ಹೋಸ್ ಕ್ಲಿಪ್, ಒಂದು ಹೊಸ ಡೀಸೆಲ್ ಫಿಲ್ಟರ್, ಗಾಜಿನ ಬಾಟಲಿ ಇರಲಿ. ಫಿಲ್ಟರ್ ಹಾಕಿದ ದಿನ ಅದರ ಮೈಮೇಲೇ ಮಾರ್ಕರಿನಲ್ಲಿ ತಾರೀಕು ಮತ್ತು ಕಿಲೋಮೀಟರ್ ಬರೆದಿಡಿ.